ಉಪ್ಪಿನಕಾಯಿಯ ಪಕ್ಕ ನಿಲ್ಲದ ಅಶ್ವದಳ

ಸೀಸದ ಸೈನಿಕರನ್ನು ಇಟ್ಟುಕೊಂಡ ಮನೆಯಲ್ಲಿ ನಗೆಗೆ ಬಿಡುವು ಇರುವುದಿಲ್ಲ. ಮನೆಯೊಡತಿ ಗಂಭೀರ ಸ್ವಭಾವದವಳಾದರಂತೂ ಅದಕ್ಕೆ ಭಾನುವಾರದ ರಜೆಯೂ ಇಲ್ಲ. ಕುಂದಾಪುರದ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸಿ ಅರವತ್ತಕ್ಕೆ ನಿವೃತ್ತಳಾದ ನಾನು ಸೈನಿಕರನ್ನೂ ಗಾಂಭೀರ್ಯವನ್ನೂ ಒಟ್ಟಿಗೆ ಸಾಕಿಕೊಂಡು ಬಂದಿರುವುದರಿಂದ, ಈ ಮಾತಿಗೆ ನಾನೇ ಸಾಕ್ಷಿ.

ಮೊದಲೇ ಸ್ಪಷ್ಟಪಡಿಸುತ್ತೇನೆ: ಇವು ಮಕ್ಕಳ ಆಟಿಕೆಗಳಲ್ಲ. ಹಿಂದಿನ ತಲೆಮಾರಿನ ಇಂಗ್ಲೆಂಡಿನಲ್ಲಿ, ಹಳೆಯ ಯುದ್ಧಗಳನ್ನು ಮೇಜಿನ ಮೇಲೆ ದಾಳ ಹಾಕಿ ಮತ್ತೆ ಹೂಡಿ ನೋಡುವ ಹವ್ಯಾಸವಿದ್ದವರಿಗಾಗಿ, ಸೀಸ ಮತ್ತು ತವರವನ್ನು ಕರಗಿಸಿ ಎರಕ ಹೊಯ್ದ ಸೈನಿಕರು. ಎತ್ತರ ಹೆಬ್ಬೆರಳಿನ ಅರ್ಧದಷ್ಟು. ಅಚ್ಚುಗಳು ಸವೆದಿವೆ, ಎರಕ ಹೊಯ್ದ ಅಂಗಡಿಗಳು ಮುಚ್ಚಿವೆ. ಈಗ ಸಿಗುವವರು ಯಾರೋ ಆಡಿ, ಯಾರೋ ದಪ್ಪ ಬಣ್ಣ ಬಳಿದು, ಯಾರದೋ ಅಟ್ಟದಲ್ಲಿ ಕೈಕಾಲು ಮುರಿದುಕೊಂಡು ಉಳಿದವರು. ಮುಂಬೈಯಲ್ಲಿ ಹೋಟೆಲು ನಡೆಸುವ ನನ್ನ ತಮ್ಮ ಹಳೆಯ ಸಾಮಾನಿನ ಪೇಟೆಯಿಂದ ಒಮ್ಮೆ ಬಿಸ್ಕತ್ತಿನ ಡಬ್ಬವೊಂದರಲ್ಲಿ ಇಂಥವರನ್ನು ತುಂಬಿಕೊಂಡು ಬಂದ. ಹಳೆಯ ಬಣ್ಣ ಸುಲಿದು, ಮುರಿದದ್ದನ್ನು ಜೋಡಿಸಿ, ಅವರ ಕಾಲದ ಸಮವಸ್ತ್ರ ಹೇಗಿತ್ತೋ ಹಾಗೆಯೇ ಕೂದಲೆಳೆಯ ಕುಂಚದಿಂದ ಬಣ್ಣ ಹಚ್ಚುವುದನ್ನು ನಾನು ಅಂದಿನಿಂದ ಬಿಟ್ಟಿಲ್ಲ. ವಿದೇಶದ ಸಂಗ್ರಾಹಕರು ನನ್ನ ಕೆಲಸದ ಚಿತ್ರ ನೋಡಿ ಪತ್ರ ಬರೆಯುತ್ತಾರೆ. ಕುಂದಾಪುರದಲ್ಲಿ ಅದನ್ನು ‘ಗೊಂಬೆ’ ಎನ್ನುತ್ತಾರೆ.

ಈ ವರ್ಷ ಆ ಒಂದು ಶಬ್ದದ ಮೇಲೆ ಯುದ್ಧ ನಡೆಯಿತು.

೧. ಕ್ರೋಶಾ ಮತ್ತು ಮಾವಿನ ಮಿಡಿ

ನಮ್ಮೂರಿನಲ್ಲಿ ಹವ್ಯಾಸಿಗಳ ಪ್ರದರ್ಶನವೊಂದು ಏರ್ಪಾಡಾಯಿತು. ಸಂಘಟಕರು ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು, ನಮ್ಮ ಯಜಮಾನರ ಬೆಳಗಿನ ನಡಿಗೆಯ ಗೆಳೆಯರು. ಒಂದು ದಿನ ಮನೆಗೆ ಬಂದು ಕುಳಿತು ಹೇಳಿದರು:

“ಅತ್ತಿಗೆ, ನಿಮ್ಮ ಗೊಂಬೆಗೆ ಮಹಿಳಾ ವಿಭಾಗದಂಗೆ ಫಸ್ಟ್ ಕ್ಲಾಸ್ ಜಾಗ ಇಟ್ಟಿದ್ದೆ. ಒಂದ್ ಬದಿ ಕ್ರೋಶಾ, ಮತ್ತೊಂದ್ ಬದಿ ಮಾವಿನ ಮಿಡಿ ಉಪ್ಪಿನಕಾಯಿ. ಜನ ಅಲ್ಲೇ ಸೇರುದು.”

“ಅದು ಗೊಂಬೆಯಲ್ಲ. ಇನ್ನೂರು ವರ್ಷ ಹಿಂದಿನ ಫ್ರೆಂಚ್ ಕವಚಧಾರಿ ಅಶ್ವದಳ. ಐತಿಹಾಸಿಕ ಮಾದರಿಗಳ ವಿಭಾಗದಲ್ಲಿ ನಿಲ್ಲಬೇಕಾದದ್ದು.”

“ಆ ವಿಭಾಗಕ್ಕೆ ತೀರ್ಪುಗಾರರು ರಿಟೈರ್ಡ್ ಕರ್ನಲ್ ಅತ್ತಿಗೆ, ಬ್ರಹ್ಮಾವರದವ್ರ್. ಅಲ್ಲಿ ಅಪೂರ್ಣವಾದ್ದನ್ನ ಇಡೂಕಿಲ್ಲೆ. ನಿಮ್ಮ ದಳಕ್ಕೆ ಕ್ಯಾಪ್ಟನ್ನೇ ಇಲ್ಲೆ ಅಂತ ಇವ್ರೇ ಹೇಳ್ತಿದ್ರ್.”

ನಾನು ಯಜಮಾನರ ಕಡೆ ನೋಡಿದೆ. ಅವರು ಫ್ಯಾನಿನ ಕಡೆ ನೋಡಿದರು. ಮಾತು ಸುಳ್ಳಲ್ಲ. ಹನ್ನೆರಡು ಸವಾರರ ದಳದಲ್ಲಿ ಹನ್ನೊಂದು ಜನರಿದ್ದರು. ಕತ್ತಿ ಎತ್ತಿ ಮುಂದೆ ನಿಲ್ಲುವ ಕ್ಯಾಪ್ಟನ್ನನ್ನು ನಾನು ಇಷ್ಟು ವರ್ಷ ಹುಡುಕಿ, ಕೊನೆಗೆ ಇಂಗ್ಲೆಂಡಿನ ಸಂಗ್ರಾಹಕರೊಬ್ಬರ ಮನೆಯಲ್ಲಿ ಪತ್ತೆಹಚ್ಚಿದ್ದೆ. ಅವನು ಅಂಚೆಯಲ್ಲಿ ಹೊರಟಿದ್ದ.

“ಪ್ರದರ್ಶನದ ಬೆಳಿಗ್ಗೆ ಕ್ಯಾಪ್ಟನ್ ಇದ್ದರೆ?”

“ಇದ್ರೆ ಮಾದರಿ ವಿಭಾಗ. ಇಲ್ದಿದ್ರೆ ಉಪ್ಪಿನಕಾಯಿ ಪಕ್ಕ. ಒಪ್ಪಿಗೆಯಾ?”

“ಒಪ್ಪಿದೆ.”

ಅವರು ಹೊರಡುವಾಗ ಚಪ್ಪಲಿ ಮೆಟ್ಟುತ್ತ ಯಜಮಾನರಿಗೆ ಮೆಲ್ಲನೆ ಹೇಳಿದ್ದು ನನಗೆ ಕೇಳಿಸಿತು: “ಗೊಂಬೆ ಅಂದದ್ದಕ್ಕೆ ಎಂತ ಸಿಟ್ಟ್ ಮಾರಾಯ ಅತ್ತಿಗೆಗೆ!”

ಯಜಮಾನರು ಅದಕ್ಕಿಂತ ಮೆಲ್ಲನೆ ಹೇಳಿದರು: “ನೀನ್ ಚಾವಡಿಯಂಗೆ ಕೂತ್ಕಂಡ್ ಅಂದೆ. ಅಶ್ವದಳ ಇಪ್ಪುದ್ ಅಲ್ಲೇ, ನಿನ್ನ ಬೆನ್ನ್ ಹಿಂದೆ ಕಪಾಟಂಗೆ. ಬೇಗ ಹೋಗ್.”

೨. ಬಣ್ಣಕ್ಕೆ ಕೂತದ್ದು

ನಾನು ಕುಂಚ ಹಿಡಿದಾಗ ಫೋನು ಎತ್ತುವುದಿಲ್ಲ. ಒಂದು ಸಂಜೆ ನೆರೆಮನೆಯಾಕೆ ಫೋನು ಮಾಡಿದಾಗ ಯಜಮಾನರು ಎತ್ತಿ, “ಅವ್ಳ್ ಬಣ್ಣಕ್ಕೆ ಕೂತಿತ್ತ್. ಈಗ ಏಳ್ಸೂಕೆ ಆತಿಲ್ಲೆ” ಎಂದು ಇಟ್ಟರು.

ನಮ್ಮ ಕಡೆ ‘ಬಣ್ಣಕ್ಕೆ ಕೂರುವುದು’ ಎಂದರೆ ಒಂದೇ ಅರ್ಥ: ಯಕ್ಷಗಾನದ ಚೌಕಿಯಲ್ಲಿ ವೇಷಕ್ಕೆ ಮುಖ ಬರೆಯಲು ಕೂರುವುದು. ನಮ್ಮ ಓಣಿಯ ಹೆಂಗಸರು ಇದೇ ವರ್ಷ ಯಕ್ಷಗಾನ ತಂಡವೊಂದನ್ನು ಕಟ್ಟಿಕೊಂಡಿದ್ದರು. ಮರುದಿನ ನೆರೆಮನೆಯಾಕೆ ಬಂದವರು ಒಳಗೆ ಕಾಲಿಡುವ ಮೊದಲೇ ಕೇಳಿದರು:

“ಮೇಡಂ, ನಮ್ಗೆ ಗೊತ್ತೇ ಇರ್ಲಿಲ್ಲೆ ಕಾಣಿ! ಎಷ್ಟ್ ವರ್ಷದಿಂದ?”

“ಬಹಳ ವರ್ಷಗಳಿಂದ.”

“ಯಾರ ಹತ್ರ ಕಲ್ತದ್ದ್?”

“ಯಾರ ಬಳಿಯೂ ಇಲ್ಲ. ಪುಸ್ತಕ ನೋಡಿ ಕಲಿತದ್ದು.”

ಆಕೆಯ ಕಣ್ಣುಗಳು ಅರಳಿದವು. “ಬಣ್ಣಕ್ಕೆ ಎಷ್ಟೊತ್ತ್ ಹಿಡೀತ್ತ್?”

“ಮುಖವೊಂದಕ್ಕೇ ಇಡೀ ಬೆಳಿಗ್ಗೆ ಬೇಕು. ಮೊದಲು ಕಣ್ಣು, ಆಮೇಲೆ ಕೆನ್ನೆ, ಕೊನೆಗೆ ಮೀಸೆ.”

“ಮೀಸೆಯೂ ಇತ್ತಾ!”

“ಮೀಸೆಯಿಲ್ಲದೆ ಆ ದಳದಲ್ಲಿ ಯಾರನ್ನೂ ಸೇರಿಸುತ್ತಿರಲಿಲ್ಲ.”

“ಮತ್ತೆ ಕತ್ತಿ?”

“ಎಲ್ಲರದ್ದೂ ಸರಿಯಾಗಿದೆ. ನಿನ್ನೆ ಒಬ್ಬರದ್ದು ಬಾಗಿತ್ತು, ಬಿಸಿ ನೀರಿನಲ್ಲಿಟ್ಟು ನೇರ ಮಾಡಿದೆ.”

“ಅಯ್ಯೋ, ಯಜಮಾನ್ರೂ ವೇಷ ಮಾಡ್ತ್ರಾ!”

ಆಗ ನನಗೆ ವಿಷಯ ಹೊಳೆಯಿತು. ಆಕೆಯನ್ನು ಕಪಾಟಿನ ಬಳಿಗೆ ಕರೆದೊಯ್ದು ಮೀಸೆ, ಕತ್ತಿ, ಕೆನ್ನೆ ಎಲ್ಲವನ್ನೂ ತೋರಿಸಿದೆ. ಆಕೆ ಬಗ್ಗಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. ಮೆಚ್ಚಿದರು. ಆದರೆ ನಿರಾಶೆ ಅಡಗಲಿಲ್ಲ.

“ಹಾಂಗಾರೆ ನೀವ್ ವೇಷ ಮಾಡುದಿಲ್ಯಾ? ನಮ್ಗೊಂದ್ ರಾಕ್ಷಸ ಪಾತ್ರಕ್ಕೆ ಜನ ಬೇಕಿತ್ತ್.”

“ನನ್ನನ್ನೇ ಯಾಕೆ ನೆನೆದಿರಿ?”

“ನಿಮ್ಮ ಕ್ಲಾಸಂಗೆ ಕೂತ್ ಬಂದ ನಮ್ಮ ಮಗಳೇ ಹೇಳಿದ್ದ್ ಮೇಡಂ. ‘ಅವ್ರಿಗಾರೆ ಬಣ್ಣವೇ ಬ್ಯಾಡಮ್ಮ, ಒಂದ್ ಸಲ ಹೆಸ್ರ್ ಕೂಗಿದ್ರೆ ಸಾಕ್’ ಅಂತ.”

೩. ಟೋಕನ್ನು ಕುದುರೆಯದ್ದು

ಹನ್ನೊಂದು ಸವಾರರಲ್ಲಿ ಒಬ್ಬನ ಕುದುರೆಯ ಮುಂಗಾಲು ಮುರಿಯಿತು. ಸೀಸದ ಕಾಲನ್ನು ಬರಿಯ ಅಂಟಿನಿಂದ ಕೂಡಿಸಿದರೆ ನಿಲ್ಲುವುದಿಲ್ಲ. ಎರಡೂ ಕಡೆ ಕೂದಲಿನಷ್ಟು ಸಣ್ಣ ರಂಧ್ರ ಕೊರೆದು, ಒಳಗೆ ತಂತಿ ಹಾಯಿಸಬೇಕು. ಅಂಥ ಕೊರೆಯುವ ಯಂತ್ರ ಇರುವುದು ಹಲ್ಲಿನ ಡಾಕ್ಟರರ ಬಳಿ. ನನ್ನ ಅಕ್ಕನ ಮಗ ಬ್ರಹ್ಮಾವರದಲ್ಲಿ ಹಲ್ಲಿನ ಡಾಕ್ಟರ.

ಅವನ ಆಸ್ಪತ್ರೆಯಲ್ಲಿ ಟೋಕನ್ನು ಕೊಡುವ ಹುಡುಗಿ ಹೊಸಬಳು.

“ಪೇಷೆಂಟ್ ಹೆಸ್ರ್ ಹೇಳಿ.”

“ಹೆಸರಿಲ್ಲ. ಕುದುರೆ.”

ಅವಳು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ತಮಾಷೆಯ ಗುರುತೂ ಕಾಣದಿದ್ದುದರಿಂದ ಹಾಗೆಯೇ ಬರೆದುಕೊಂಡಳು. ನನ್ನ ಪಕ್ಕದಲ್ಲಿ ಕೆನ್ನೆ ಊದಿಸಿಕೊಂಡು, ಹೆಗಲ ವಸ್ತ್ರವಾದ ಬೈರಾಸನ್ನು ಅದಕ್ಕೆ ಒತ್ತಿ ಹಿಡಿದು, ವಯಸ್ಸಾದವರೊಬ್ಬರು ಕುಳಿತಿದ್ದರು. ಹೆದರಿಕೆಯಿಂದ ಮಾತಿಗೆಳೆದರು.

“ಅಮ್ಮ, ನಿಮ್ದ್ ಎಂತ ತೊಂದ್ರೆ?”

“ಕೊರೆದು ತಂತಿ ಹಾಕಿಸಬೇಕು.”

“ಅಯ್ಯಯ್ಯೋ. ಸೂಜಿ ಚುಚ್ಚಿ ಮರಗಟ್ಟಿಸ್ತ್ರಾ?”

“ಅದರ ಅಗತ್ಯವಿಲ್ಲ. ಗಟ್ಟಿಯಾಗಿ ಹಿಡಿದುಕೊಂಡರಾಯಿತು.”

ಅವರು ಬೈರಾಸನ್ನು ಇನ್ನಷ್ಟು ಒತ್ತಿಕೊಂಡರು. ಅಷ್ಟರಲ್ಲಿ ಹುಡುಗಿ ಗಟ್ಟಿಯಾಗಿ ಕೂಗಿದಳು: “ಹ್ವಾಯ್, ಕುದ್ರಿ ಯಾರ್? ಒಳ್ಗ್ ಬನ್ನಿ!” ನಾನು ಎದ್ದು ಸೆರಗು ಸರಿಪಡಿಸಿಕೊಂಡು ಒಳಗೆ ಹೋದೆ. ಬೆಂಚಿನ ಮೇಲಿದ್ದವರೆಲ್ಲ ಕಾಲು ಹಿಂದಕ್ಕೆಳೆದು ದಾರಿ ಬಿಟ್ಟರು.

ಅಕ್ಕನ ಮಗನಿಗೆ ನನ್ನ ಹವ್ಯಾಸ ಗೊತ್ತು. ದೀಪ ಹಾಕಿ, ಮುಖಗವಸು ತೊಟ್ಟು, “ಬಾಯಿ ತೆರೀಲಿ ಅಂತ ಹೇಳ್ಲಾ ಚಿಕ್ಕಮ್ಮ?” ಎಂದು ನಕ್ಕರೂ ಕೆಲಸವನ್ನು ಚೊಕ್ಕವಾಗಿ ಮಾಡಿದ. ಕಾಲು ನಿಂತಿತು. ನಾನು ಹೊರಗೆ ಬಂದಾಗ ಬೈರಾಸಿನವರು ಎದ್ದು ನಿಂತು ಕೇಳಿದರು:

“ನೋವಾಯ್ತಾ ಅಮ್ಮ?”

“ಕಿಂಚಿತ್ತೂ ಇಲ್ಲ. ಅಲುಗಾಡಲೂ ಇಲ್ಲ.”

ಈ ಮಾತಿನಿಂದ ಧೈರ್ಯ ತಂದುಕೊಂಡು ಅವರು ಒಳಗೆ ಹೋದರು. ನಾನು ಕುದುರೆಯನ್ನು ಹತ್ತಿಯಲ್ಲಿ ಸುತ್ತುತ್ತಿರುವಾಗ ಒಳಗಿನಿಂದ ಒಂದು ಆರ್ತನಾದ ಕೇಳಿಬಂತು. ಬಾಗಿಲ ಬಳಿ ಇಣುಕಿ ಎಲ್ಲವನ್ನೂ ನೋಡಿದ್ದ ಹುಡುಗಿ ತಲೆಯಾಡಿಸಿದಳು.

“ಅಷ್ಟ್ ಸಣ್ಣ ಕುದ್ರಿ, ಒಂದ್ ಸಲವೂ ಕೂಗ್ಲಿಲ್ಲೆ. ಇವ್ರನ್ ಕಾಣಿ!”

೪. ಬೈಂದೂರಿನ ಹತ್ತು ಬೆರಳು

ಎದೆಕವಚಕ್ಕೆ ಬೇಕಾದ ಉಕ್ಕಿನ ಹೊಳಪು ಬಣ್ಣದ ಅಂಗಡಿಯಲ್ಲಿ ಸಿಗಲಿಲ್ಲ. ಬೈಂದೂರಿಗೆ ಮದುವೆಯೊಂದಕ್ಕೆ ಹೋದಾಗ ಪೇಟೆಯ ಫ್ಯಾನ್ಸಿ ಅಂಗಡಿಯ ಗಾಜಿನ ಹಿಂದೆ ಅದು ಕಂಡಿತು: ಉಗುರಿನ ಬಣ್ಣ. ಒಳಗೆ ಹೋಗಿ, ಬೆಳ್ಳಿಯ ಬೇರೆ ಬೇರೆ ಛಾಯೆಗಳನ್ನೆಲ್ಲ ತರಿಸಿ, ಒಂದೊಂದು ಉಗುರಿಗೆ ಒಂದೊಂದು ಹಚ್ಚಿ ಬೆಳಕಿಗೆ ಹಿಡಿದು ನೋಡತೊಡಗಿದೆ. ಅಂಗಡಿಯ ಒಡತಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಬಹಳ ಹೊತ್ತು ತುಟಿ ಕಚ್ಚಿಕೊಂಡು ನಿಂತಿದ್ದಳು.

“ಮೇಡಂ, ಕಾಲೇಜಂಗೆ ಉಗ್ರಿಗೆ ಬಣ್ಣ ಹಚ್ಕಂಡ್ ಬಂದ್ರೆ ನೀವ್ ವಾಪಸ್ ಮನಿಗೆ ಕಳ್ಸ್ತಿದ್ರಿ.”

“ಈಗಲೂ ಕಳುಹಿಸುತ್ತೇನೆ. ಇದು ನನಗಲ್ಲ, ಹನ್ನೆರಡು ಗಂಡಸರಿಗೆ.”

ಅವಳು ಬಾಯಿಗೆ ಸೆರಗು ಇಟ್ಟುಕೊಂಡು ಒಳಗೆ ಓಡಿದಳು. ಬಣ್ಣ ಸರಿಹೊಂದಿತು. ಅದನ್ನು ಕೊಂಡು, ತೊಳೆದರೂ ಬಣ್ಣ ಹೋಗದ ಹತ್ತು ಬೆರಳುಗಳೊಂದಿಗೆ ಮದುವೆಮನೆಗೆ ಹೋಗಿ ಗಾಂಭೀರ್ಯದಿಂದ ಊಟಕ್ಕೆ ಕುಳಿತೆ. ಎದುರಿನ ಸಾಲಿನಲ್ಲಿ ನಮ್ಮ ಹಿಂದಿನ ಪ್ರಾಂಶುಪಾಲರಿದ್ದರು. ಅವರು ನನ್ನ ಬೆರಳುಗಳನ್ನೂ ನನ್ನ ಮುಖವನ್ನೂ ಎರಡೆರಡು ಬಾರಿ ನೋಡಿ, ಎಲೆಯ ಮೇಲೆ ಬಾಗಿ ಹೇಳಿದರು:

“ಮೇಡಂ, ನಿವೃತ್ತಿ ನಿಮಗೆ ಚೆನ್ನಾಗಿ ಒಗ್ಗಿದೆ.”

೫. ಕಾಣೆ

ಪ್ರದರ್ಶನಕ್ಕೆ ಒಂದು ವಾರವಿರುವಾಗ ಕ್ಯಾಪ್ಟನ್ ಬಂದ. ಕತ್ತಿ ಎತ್ತಿದ ಕೈ, ಹಿಂದಕ್ಕೆ ಹಾರಿದ ಕುದುರೆಯ ಬಾಲ, ಎಲ್ಲವೂ ಸರಿಯಾಗಿತ್ತು. ಮೇಲೆ ಮಾತ್ರ ಯಾವನೋ ಪುಣ್ಯಾತ್ಮ ಬಾಗಿಲಿಗೆ ಬಳಿಯುವ ಕಪ್ಪು ಬಣ್ಣವನ್ನು ಪದರ ಪದರವಾಗಿ ಬಳಿದಿದ್ದ. ಸುಲಿಯಬೇಕೆಂದು ಅವನನ್ನು ಒಂದು ಹಳೆಯ ಕಾಫಿ ಡಬ್ಬದಲ್ಲಿಟ್ಟು ಹಿತ್ತಿಲಿನ ಕಟ್ಟೆಯ ಮೇಲಿರಿಸಿದೆ. ಅದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಡಬ್ಬವಿತ್ತು. ಅದರಲ್ಲಿ ಇದ್ದದ್ದು ಒಡೆದ ಸೀಸದ ಚೂರುಗಳು, ಯಾರಿಗೂ ಬೇಡವಾದವು.

ಎರಡು ದಿನ ಕಳೆದು ನೋಡಿದಾಗ ಚೂರುಗಳ ಡಬ್ಬ ಅಲ್ಲೇ ಇತ್ತು. ಕ್ಯಾಪ್ಟನ್ನನ ಡಬ್ಬ ಇರಲಿಲ್ಲ.

ನಾನು ಹಿತ್ತಿಲಿನಿಂದ ಅಂಗಳಕ್ಕೆ ಬರುತ್ತಲೇ ಕೂಗಿದೆ, “ಕ್ಯಾಪ್ಟನ್ ಕಾಣೆ! ಕೇಳಿಸಿತೇ? ಕಾಣೆ!”

ಜಗಲಿಯಲ್ಲಿದ್ದ ಯಜಮಾನರು ತಲೆಯೆತ್ತಿದರು. ಉತ್ತರ ಗೇಟಿನಿಂದ ಬಂತು. ದಿನವೂ ಮೀನು ತರುವ ಹೆಂಗಸು ತಲೆಯ ಬುಟ್ಟಿ ಇಳಿಸುತ್ತ ಹೇಳಿದಳು:

“ಕಾಣೆ ಇವತ್ತ್ ಇಲ್ಲೆ ಅಮ್ಮ. ಬಂಗ್ಡೆ ಇತ್ತ್, ಫ್ರೆಶ್.”

“ಮೀನಲ್ಲ. ಕ್ಯಾಪ್ಟನ್.”

“ಕ್ಯಾಪ್ಟನ್? ಅದ್ ಯಾವ ಮೀನ್ ಅಮ್ಮ? ಮಲ್ಪೆ ಬದಿಯಂಗೆ ಸಿಕ್ಕುದಾ?”

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಆ ನಗುವನ್ನು ಅವಳ ಮುಂದಿನ ಮಾತು ನಿಲ್ಲಿಸಿತು.

“ಹೌದಮ್ಮ, ಮೊನ್ನೆ ಯಜಮಾನ್ರ್ ಕೊಟ್ಟ ಸೀಸ ಭಾರೀ ಲಾಯ್ಕ್ ಇತ್ತ್. ನಮ್ ಮನ್ಯವ್ರ್ ಬಲೆಗೆ ಕಟ್ಟಿದ್ರ್.”

ಬೀಸುಬಲೆಯ ಅಂಚಿಗೆ ಸುತ್ತಲೂ ಸೀಸ ಕಟ್ಟುತ್ತಾರೆ. ಬಲೆ ನೀರಿಗೆ ಬಿದ್ದೊಡನೆ ಅಂಚು ಮುಳುಗಬೇಕಲ್ಲ. ಚೂರು ಸೀಸ ಇದ್ದರೆ ಕೊಡಿ ಎಂದು ಅವಳು ಕೇಳಿದ್ದಳು, ಯಜಮಾನರು ಉದಾರವಾಗಿ ಒಂದು ಡಬ್ಬ ಎತ್ತಿ ಕೊಟ್ಟಿದ್ದರು.

“ನೀವು ಡಬ್ಬ ತೆರೆದು ನೋಡಲಿಲ್ಲವೇ?” ಎಂದೆ.

“ಕಂಡಿದ್ದೆ” ಎಂದರು ಯಜಮಾನರು. “ಪೂರ್ತಿ ಕಪ್ಪ್ ಇತ್ತ್. ನಿನ್ನ ಸೈನಿಕರು ಯಾವತ್ತೂ ಅಷ್ಟ್ ಕೊಳಕ್ ಇಪ್ಪುದಿಲ್ಲೆ ಅಂತ ನಂಬಿಕೆಯಿಂದಲೇ ಕೊಟ್ಟದ್ದ್.”

೬. ಗುಲ್ವಾಡಿಯ ಒಪ್ಪಂದ

ಅವಳ ಮನೆ ಗುಲ್ವಾಡಿಯಲ್ಲಿ, ಹೊಳೆಯ ದಡಕ್ಕೆ ತಾಗಿ. ಯಜಮಾನರು ಪಶ್ಚಾತ್ತಾಪದ ವೇಗದಲ್ಲಿ ಕಾರು ಓಡಿಸಿದರು. ನಾವು ಮುಟ್ಟಿದಾಗ ಅವಳ ಗಂಡ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಲೆಯನ್ನು ತೋಳಿಗೆ ಏರಿಸಿಕೊಳ್ಳುತ್ತಿದ್ದ. ಕರೆಯುವಷ್ಟರಲ್ಲಿ ಬೀಸಿಯೇಬಿಟ್ಟ. ಬಲೆ ಆಕಾಶದಲ್ಲಿ ದುಂಡಗೆ ಅರಳಿತು. ಅದರ ಅಂಚಿನಲ್ಲಿ ನನ್ನ ಕ್ಯಾಪ್ಟನ್, ಕತ್ತಿ ಎತ್ತಿ, ಕುದುರೆಯ ನಾಲ್ಕು ಕಾಲನ್ನೂ ಗಾಳಿಯಲ್ಲಿಟ್ಟು, ಹೊಳೆಯ ಮೇಲೆ ದಾಳಿಯಿಟ್ಟ. ಇಷ್ಟು ವರ್ಷಗಳಲ್ಲಿ ನಾನು ಕಂಡ ಅತ್ಯುತ್ತಮ ಆಕ್ರಮಣ ಅದು. ಮರುಕ್ಷಣ ಮುಳುಗಿದ.

ಬಲೆ ಎಳೆದಾಗ ಮೀನು ತುಂಬಿತ್ತು. ಅದೇ ತೊಂದರೆಯಾಯಿತು.

“ಇದನ್ ಕೊಡೂಕೆ ಆತಿಲ್ಲೆ ಅಮ್ಮ” ಎಂದ ಅವನು, ಬಲೆಯನ್ನು ಎದೆಗೊತ್ತಿಕೊಂಡು. “ಈ ಸಾಯ್ಬ್ರ್ ಬಂದ್ ಮೇಲೆ ಬಲೆ ಖಾಲಿ ಬಂದದ್ದೇ ಇಲ್ಲೆ. ಕುದ್ರಿ ಹೊಟ್ಟೆ ಅಡಿಯಂಗೆ ದಾರ ಹಾಕೂಕೂ ಅಚ್ಕಟ್ಟ್ ಜಾಗ ಇತ್ತ್.”

“ಅವನು ಅಶ್ವದಳದ ನಾಯಕ. ಭಾನುವಾರದ ಪ್ರದರ್ಶನದಲ್ಲಿ ಅವನಿಲ್ಲದಿದ್ದರೆ ನನ್ನ ದಳ ಉಪ್ಪಿನಕಾಯಿಯ ಪಕ್ಕ ನಿಲ್ಲಬೇಕಾಗುತ್ತದೆ.”

“ನಂಗೆ ಉಪ್ಪಿನಕಾಯಿ ತೊಂದ್ರೆ ಇಲ್ಲೆ ಅಮ್ಮ, ಗಂಜಿಗೆ ಲಾಯ್ಕ್ ಆತ್ತ್.”

ಇತಿಹಾಸ ಓದಿದವಳಿಗೆ ಇಂಥಲ್ಲಿ ಮಾಡಬೇಕಾದದ್ದು ಗೊತ್ತಿರುತ್ತದೆ. ಯುದ್ಧಕೈದಿಗಳ ವಿನಿಮಯ. ನಾನು ಕಾರಿನಿಂದ ಚೂರು ಸೀಸದ ಡಬ್ಬವನ್ನು ಇಳಿಸಿದೆ. ಅದು ಸಾಲದೆಂದ. ಆಗ ಕೈಚೀಲದಿಂದ, ನನ್ನಲ್ಲಿ ಒಂದೇ ಬಗೆಯವರು ಹಲವರಿದ್ದುದರಿಂದ ತಂದಿದ್ದ, ಕೋವಿ ಹಿಡಿದ ಕಾಲಾಳೊಬ್ಬನನ್ನು ತೆಗೆದು ಅವನ ಅಂಗೈಯಲ್ಲಿಟ್ಟೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಕುದ್ರಿ ಇಲ್ದವ. ಇವ್ನಿಗೆ ಈಜೂಕೆ ಬತ್ತಾ?”

“ಸೀಸದವನು. ಮುಳುಗಲು ಬರುತ್ತದೆ.”

“ಅಷ್ಟೇ ಬೇಕಾದ್ದ್” ಎಂದಳು ದಡದಲ್ಲಿ ನಿಂತ ಅವನ ಹೆಂಡತಿ. “ಕೊಡಿ ಮಾರಾಯ್ರೆ, ಅಮ್ಮ ನಾಳೆಯಿಂದ ಮೀನ್ ತಕಂತಿಲ್ಲೆ ಅಂದ್ರೆ ನಿಮ್ಮ ಸಾಯ್ಬ್ರನ್ ಇಟ್ಕಂಡ್ ಎಂತ ಮಾಡುದ್?”

ಅವನು ಬಲೆಯ ಗಂಟನ್ನು ಕತ್ತರಿಸಿ ಕ್ಯಾಪ್ಟನ್ನನ್ನು ನನ್ನ ಕೈಗೆ ಕೊಟ್ಟ. ಆಗ ಗಮನಿಸಿದೆ: ಹೊಳೆಯ ಮರಳು ಆ ದರಿದ್ರ ಕಪ್ಪು ಬಣ್ಣವನ್ನು ಪೂರ್ತಿ ಉಜ್ಜಿ ತೆಗೆದಿತ್ತು. ನನ್ನ ಯಾವ ಔಷಧಿಯೂ ಅಷ್ಟು ಶುದ್ಧವಾಗಿ ಸುಲಿಯುತ್ತಿರಲಿಲ್ಲ. ಕ್ಯಾಪ್ಟನ್ ಹೊಸದಾಗಿ ಎರಕ ಹೊಯ್ದಂತೆ ಹೊಳೆಯುತ್ತಿದ್ದ.

ಹೊರಡುವಾಗ ಅವನು ಕಾಲಾಳನ್ನು ಬಲೆಗೆ ಕಟ್ಟುತ್ತ ಕೇಳಿದ, “ಅಮ್ಮ, ಇವ ಯಾವ ಊರವ?”

“ಇಂಗ್ಲೆಂಡಿನವನು.”

“ಹಾಂಗಾರೆ ನೀರ್ ಅಡಿಯಂಗೇ ಇರ್ಲಿ ಬಿಡಿ.”

೭. ತೀರ್ಪು

ಭಾನುವಾರ ಬೆಳಿಗ್ಗೆ ಹನ್ನೆರಡು ಸವಾರರು ಮಾದರಿ ವಿಭಾಗದ ಮೇಜಿನ ಮೇಲೆ, ಪ್ಲಾಸ್ಟಿಕ್ಕಿನ ಯುದ್ಧನೌಕೆಗಳ ಮತ್ತು ಬೆಂಕಿಕಡ್ಡಿಯ ಕೋಟೆಯ ನಡುವೆ ನಿಂತರು. ಮುಂದೆ ಕ್ಯಾಪ್ಟನ್. ಹಳದಿ ಕೊರಳಪಟ್ಟಿ, ಉಕ್ಕಿನ ಕವಚ, ಎತ್ತಿದ ಕತ್ತಿ. ಮೀನಿನ ಹೆಂಗಸೂ ಅವಳ ಗಂಡನೂ ಒಗೆದ ಬಟ್ಟೆ ತೊಟ್ಟು ಬಂದಿದ್ದರು. ತಮ್ಮವನೊಬ್ಬ ಸ್ಪರ್ಧೆಯಲ್ಲಿದ್ದಾನೆಂಬ ಭಾವ ಅವರಲ್ಲಿ ಕಾಣುತ್ತಿತ್ತು.

ಕರ್ನಲರು ಬಂದರು. ಎತ್ತರದ ಆಳು, ಬಿಳಿ ಮೀಸೆ, ಕೈಯಲ್ಲಿ ಭೂತಗನ್ನಡಿ. ಸಂಘಟಕರು ಪಕ್ಕದಲ್ಲಿ ನಡೆಯುತ್ತ ಪರಿಚಯ ಹೇಳುತ್ತಿದ್ದರು. ನನ್ನ ಮೇಜಿನ ಮುಂದೆ ನಿಂತು, “ಇದು ನಮ್ಮ ಅತ್ತಿಗೆಯವರ ಗೊಂ...” ಎಂದು ಶುರು ಮಾಡಿದರು. ಅಷ್ಟರಲ್ಲಿ ಕರ್ನಲರು ಕವಾಯತಿನ ‘ಸಾವಧಾನ್’ ಭಂಗಿಯಲ್ಲಿ ನಿಂತು, ನನ್ನ ದಳಕ್ಕೆ ಸೆಲ್ಯೂಟು ಹೊಡೆದರು. ಸಂಘಟಕರ ಬಾಯಿ ತೆರೆದೇ ಇತ್ತು. ಶಬ್ದವನ್ನು ನುಂಗುವಂತಿರಲಿಲ್ಲ, ಉಗುಳುವಂತಿರಲಿಲ್ಲ.

“ಗೊಂ... ಗೊಂದಲವೇ ಇಲ್ಲದಂತೆ ಸಾಲಾಗಿ ನಿಂತ ಅಶ್ವದಳ, ಸರ್!”

ಯಜಮಾನರು ನನ್ನ ಕಿವಿಯಲ್ಲಿ, “ಬ್ಯಾಂಕಂಗೆ ಇದ್ದವ ಅಲ್ದಾ, ಕಡೇ ಗಳಿಗೆಯಂಗೆ ತಾಳೆ ಮಾಡೂಕೆ ಬತ್ತ್” ಎಂದರು.

ಕರ್ನಲರು ಪ್ರಶ್ನೆ ಕೇಳತೊಡಗಿದರು. “ಕೊರಳಪಟ್ಟಿ ಹಳದಿ ಯಾಕೆ?”

“ಈ ರೆಜಿಮೆಂಟಿಗೆ ಹಳದಿಯೇ. ಕೆಂಪು ಹಚ್ಚಿದರೆ ಇವರು ಬೇರೆ ರೆಜಿಮೆಂಟಿನವರಾಗುತ್ತಾರೆ.”

“ಕವಚದ ಹೊಳಪು ಅದ್ಭುತ. ಯಾವ ಬಣ್ಣ?”

“ಬೈಂದೂರಿನದು.”

ಅವರು ತಲೆದೂಗುತ್ತ ಭೂತಗನ್ನಡಿಯನ್ನು ಕ್ಯಾಪ್ಟನ್ನನ ಕುದುರೆಯ ಹೊಟ್ಟೆಯ ಕೆಳಗೆ ಹಿಡಿದರು. ಹಿಡಿದವರು ಅಲ್ಲೇ ನಿಂತರು.

“ಮೇಡಂ, ಇದೇನು? ನೀಲಿ ನೈಲಾನು?”

ಬಲೆಯ ಗಂಟು. ಮೀನುಗಾರ ಪೂರ್ತಿ ಕತ್ತರಿಸಿದ್ದಾನೆಂದುಕೊಂಡಿದ್ದೆ. ಜೀನಿನ ಪಟ್ಟಿಯ ಸಂದಿನಲ್ಲಿ ಒಂದು ಎಳೆ ಉಳಿದಿತ್ತು. ಸಂಘಟಕರ ಮುಖ ಬೆಳಗಿತು. ಅವರು ಒಂದು ಹೆಜ್ಜೆ ಮುಂದೆ ಬಂದರು.

“ಐತಿಹಾಸಿಕ ಮಾದರಿಯಂಗೆ ಆ ಕಾಲಕ್ಕೆ ಹೊಂದದ್ದ್ ಇದ್ರೆ ನಿಯಮಕ್ಕೆ ವಿರುದ್ಧ ಆತ್ತ್ ಸರ್. ಇನ್ನೂರು ವರ್ಷದ ಹಿಂದೆ ನೈಲಾನ್ ಎಲ್ಲಿತ್ತ್? ಮಹಿಳಾ ವಿಭಾಗದಂಗೆ ಇನ್ನೂ ಜಾಗ ಇತ್ತ್.”

ಇಡೀ ದಳದ ಮಾನ ಒಂದು ಎಳೆ ದಾರದಲ್ಲಿ ನೇತಾಡುತ್ತಿತ್ತು. ನೈಲಾನು ನೈಲಾನೇ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮೀನುಗಾರ ಗಂಟಲು ಸರಿಪಡಿಸಿಕೊಂಡ.

“ಸಾಯ್ಬ್ರೆ, ಅದ್ ನಂದ್. ಈ ಕ್ಯಾಪ್ಟನ್ ನಮ್ ಒಟ್ಟಿಗೆ ಹೊಳಿಯಂಗೆ ಇದ್ದಿದ್ರ್. ನೀರ್ ಅಡಿಯಂಗೆ ಡ್ಯೂಟಿ. ಒಂದ್ ದಿನವೂ ರಜೆ ಹಾಕ್ಲಿಲ್ಲೆ.”

“ಹೊಳೆಯಲ್ಲಿ?” ಎಂದರು ಕರ್ನಲರು.

“ಹೌದ್. ಕಾಣೆ ಭಾರೀ ಲಾಯ್ಕ್ ಹಿಡೀತಿದ್ರ್.”

ಕರ್ನಲರು ನನ್ನ ಕಡೆ ತಿರುಗಿದರು. ನಾನು ನೇರವಾಗಿ ನಿಂತು, ನಿಜವನ್ನೇ ಹೇಳಿದೆ: “ಹೌದು ಸರ್. ಸೇವೆ ಸಲ್ಲಿಸಿದ್ದಾನೆ.”

ಅವರು ಭೂತಗನ್ನಡಿಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡರು. ಮೀಸೆಯ ಒಂದು ಕೂದಲೂ ಅಲುಗಲಿಲ್ಲ.

“ಹಾಗಾದರೆ ಇದು ಅಶ್ವದಳದಿಂದ ನೌಕಾಪಡೆಗೆ ಡೆಪ್ಯುಟೇಶನ್. ಅವಧಿ ಮುಗಿಸಿ ಮಾತೃ ಇಲಾಖೆಗೆ ಮರಳಿದ್ದಾನೆ. ನಿಯಮದಲ್ಲಿ ಯಾವ ತೊಡಕೂ ಇಲ್ಲ.” ಅನಂತರ ಸಂಘಟಕರ ಕಡೆ ತಿರುಗಿ, “ಪ್ರಥಮ ಬಹುಮಾನ. ಬರೆದುಕೊಳ್ಳಿ” ಎಂದರು.

ಮೀನಿನ ಹೆಂಗಸು ಸಿಳ್ಳೆ ಹಾಕಿದಳು. ಯಜಮಾನರು ಚಪ್ಪಾಳೆ ತಟ್ಟಿದರು. ಸಂಘಟಕರು ಬರೆದುಕೊಂಡರು. ಕರ್ನಲರು ಬಹುಮಾನದ ತಟ್ಟೆಯನ್ನು ನನ್ನ ಕೈಗಿಡುತ್ತ, ಯಾರಿಗೂ ಕೇಳಿಸದಂತೆ, ಒಬ್ಬ ಅಧಿಕಾರಿ ಇನ್ನೊಬ್ಬ ಅಧಿಕಾರಿಗೆ ಹೇಳುವ ಧಾಟಿಯಲ್ಲಿ ಹೇಳಿದರು:

“ಮೇಡಂ, ಹೊಳೆಯಲ್ಲಿದ್ದ ದಿನಗಳನ್ನು ಅವನ ಸರ್ವಿಸ್ ಬುಕ್ಕಿನಲ್ಲಿ ಮರೆಯದೆ ನಮೂದಿಸಿಬಿಡಿ. ಪಿಂಚಣಿಗೆ ಸೇರುತ್ತದೆ.”